ಅಪ್‌ಡೇಟ್: ಆಂಪ್ ತಗೊಳ್ಳಲಿಲ್ಲ, ಕುರ್ಚಿ ಸರಿಸಿದೆ

ಹಿಂದೆ ಕೇಳಿದ್ದೆ: 12×10 ಅಡಿ ರೂಮು, ಹಾಡು ಹಾಕಿದರೆ ಬಾಸ್ (ತಗ್ಗಿನ ದನಿ) ಗುಂಯ್ ಅನ್ನುತ್ತದೆ, 50 ವಾಟ್ ಆಂಪ್ (ಸ್ಪೀಕರ್ ನಡೆಸುವ ಆಂಪ್ಲಿಫೈಯರ್) ಕೊಟ್ಟು 100 ವಾಟ್‌ನದು ತಗೊಳ್ಳಲಾ, ಇಲ್ಲ ಸ್ಪೀಕರ್ ಬದಲಾಯಿಸಲಾ ಅಂತ. ಜಾಸ್ತಿ ಜನ "ಮೊದಲು ರೂಮು ನೋಡಿ" ಅಂದಿರಿ. ನೋಡಿದೆ.

ಗೆಳೆಯನ ಹತ್ತಿರ ಮೈಕ್ ತಂದು ರೂಮಿನ ಸದ್ದು ಅಳೆಯುವ ಆರ್‌ಇಡಬ್ಲ್ಯೂ ಸಾಫ್ಟ್‌ವೇರ್‌ನಲ್ಲಿ ಅಳೆದೆ. ಗ್ರಾಫ್‌ನಲ್ಲಿ 47 ಹರ್ಟ್ಸ್ ಹತ್ತಿರ ದೊಡ್ಡ ಗುಡ್ಡ. ಲೆಕ್ಕವೂ ಅದನ್ನೇ ಹೇಳುತ್ತದೆ: ಶಬ್ದದ ವೇಗ ಸೆಕೆಂಡಿಗೆ 343 ಮೀಟರ್, ರೂಮಿನ ಉದ್ದ 3.66 ಮೀಟರ್. ಉದ್ದದ ಎರಡರಷ್ಟರಿಂದ ವೇಗವನ್ನು ಭಾಗಿಸಿದರೆ 47, ಅಂದರೆ ರೂಮೇ ಗುಂಯ್‌ಗುಡುವ ಹರ್ಟ್ಸ್. ನನ್ನ ಕುರ್ಚಿ ಹಿಂದಿನ ಗೋಡೆಗೆ ಅಂಟಿಕೊಂಡಿತ್ತು. ಈ ಬಾಸ್ ಜೋರಾಗಿ ಕೇಳೋದೇ ಗೋಡೆ ಪಕ್ಕದಲ್ಲಿ. ಕುರ್ಚಿಯನ್ನು ನಾಲ್ಕೂವರೆ ಅಡಿ ಮುಂದೆ ತಂದೆ. ಸುಮ್ನೆ ಅಷ್ಟಕ್ಕೇ ಮೃದಂಗದ ಎಡಗೈ ಪೆಟ್ಟು ಬಿಡಿಬಿಡಿಯಾಗಿ ಕೇಳಿಸಿತು. ಮುಂಚೆ ಒಂದರ ಮೇಲೊಂದು ಬಿದ್ದು ಬರೀ ಗದ್ದಲ.

ಆಮೇಲೆ, ಸ್ಪೀಕರ್ ಸದ್ದು ಪಕ್ಕದ ಗೋಡೆಯಲ್ಲಿ ಎಲ್ಲಿ ಬಡಿದು ನನ್ನ ಕಡೆ ಬರುತ್ತೆ ಅಂತ ಹುಡುಕಲು ಕನ್ನಡಿ ಉಪಾಯ. ಪಕ್ಕದ ಗೋಡೆ ಮೇಲೆ ಹೆಂಡತಿ ಕನ್ನಡಿ ಸರಿಸುತ್ತಾ ಹೋದಳು, ಕೂತಲ್ಲಿಂದ ಸ್ಪೀಕರ್ ಕಂಡ ಕಡೆ ಪೆನ್ಸಿಲ್ ಗುರುತು. ("ಗೋಡೆ ನೀವೇ ಒರೆಸಬೇಕು" ಅಂದಳು.) ಆ ಜಾಗಕ್ಕೆ ರಾಕ್‌ವೂಲ್ (ಸದ್ದು ಹೀರುವ ಕಲ್ಲಿನ ಉಣ್ಣೆ) ತುಂಬಿದ 4 ಇಂಚು ದಪ್ಪದ ಪ್ಯಾನೆಲ್, ನಮ್ಮ ಬಡಗಿಯೇ ಮಾಡಿಕೊಟ್ಟರು. ಹಾಡುವವರ ದನಿ ಈಗ ನಟ್ಟನಡುವೆ ನಿಲ್ಲುತ್ತದೆ.

ಆಂಪ್ ಯೋಚನೆ ಬಿಟ್ಟೆ. ವಾಟ್ ಎರಡರಷ್ಟಾದರೂ ಸಿಗೋದು 3 ಡೆಸಿಬೆಲ್ ಅಷ್ಟೇ, ಅಲ್ವಾ? ದುಬಾರಿ ಕೇಬಲ್ ಹೇಳಿದವರಿಗೆ ದೂರದಿಂದಲೇ ನಮಸ್ಕಾರ. ಅಷ್ಟು ತಗ್ಗಿನ ಬಾಸ್‌ಗೆ 4 ಇಂಚು ಸಾಲದು, ಹಾಗಾಗಿ ಉಳಿದ ಗುಡ್ಡವನ್ನು ಇಕ್ಯೂನಲ್ಲಿ (ಬೇಕಾದ ಹರ್ಟ್ಸ್ ಮಾತ್ರ ತಗ್ಗಿಸುವ ಈಕ್ವಲೈಜರ್) ಇಳಿಸಿದ್ದೇನೆ. ಮಿಕ್ಕ ದುಡ್ಡಿನಲ್ಲಿ ಸ್ಪೀಕರ್ ಸ್ಟ್ಯಾಂಡ್ ಬಂತು.