ದುಜೈಲ್: ಸದ್ದಾಂಗೆ ಗಲ್ಲು ತಂದ ಊರು

ಪ್ರಶ್ನೆ: ಇರಾಕಿನಲ್ಲಿ ಕುರ್ದ ಜನಾಂಗದ ಮೇಲೆ ಅಷ್ಟು ದೊಡ್ಡ ಹತ್ಯಾಕಾಂಡ ನಡೆದಿತ್ತು. ಆದರೂ ಅಲ್ಲಿನ ಅಧ್ಯಕ್ಷನಾಗಿದ್ದ ಸದ್ದಾಂ ಹುಸೇನ್‌ಗೆ ಗಲ್ಲಾಗಿದ್ದು ದುಜೈಲ್ ಎಂಬ ಸಣ್ಣ ಶಿಯಾ ಊರಿನ ಕೇಸಿನಲ್ಲಿ. ಯಾಕೆ?

ಉತ್ತರ 1: ಈ ವಿಚಾರಣೆಯನ್ನು ಟಿವಿಯಲ್ಲಿ ಸಿಕ್ಕಷ್ಟೂ ನೋಡಿದ್ದೆ. ಊರು ಬಾಗ್ದಾದಿನ ಉತ್ತರಕ್ಕಿದೆ, ಸುತ್ತ ತೋಟಗಳು. 1982ರ ಜುಲೈ 8ರಂದು ಸದ್ದಾಂ ಬಂದಾಗ ತೋಟದ ಕಡೆಯಿಂದ ಅವನ ವಾಹನಗಳ ಮೇಲೆ ಗುಂಡು ಹಾರಿತು. ಅವನು ಬದುಕಿದ. ಊರು ಬದುಕಲಿಲ್ಲ. ನೂರಾರು ಜನರನ್ನು ಹಿಡಿದರು. ಹೆಂಗಸರು, ಮಕ್ಕಳನ್ನೂ ಬಿಡಲಿಲ್ಲ, ಎಷ್ಟೋ ಕುಟುಂಬಗಳನ್ನು ಮರುಭೂಮಿಗೆ ಅಟ್ಟಿದರು. ತೋಟಗಳನ್ನು ಬುಲ್ಡೋಜರ್‌ನಿಂದ ಕೆಡವಿದರು. 148 ಜನರಿಗೆ ಮರಣದಂಡನೆ ವಿಧಿಸಿದರು. ಅವರಲ್ಲಿ ಹದಿನೆಂಟು ತುಂಬದ ಹುಡುಗರೂ ಇದ್ದರು! ಪರದೆಯ ಹಿಂದೆ ಕೂತು ಒಬ್ಬ ಹೆಂಗಸು ಸಾಕ್ಷಿ ಹೇಳಿದ್ದು ನನಗೆ ಇವತ್ತಿಗೂ ಮರೆತಿಲ್ಲ. ದನಿಯನ್ನೂ ಬದಲಾಯಿಸಿದ್ದರು.

ಉತ್ತರ 2: ನಿಮ್ಮ "ಯಾಕೆ"ಗೆ ನನ್ನ ಉತ್ತರ: ಕಾಗದಪತ್ರ. ಶಿಕ್ಷೆಯ ಆದೇಶಕ್ಕೆ 1984ರಲ್ಲಿ ಸದ್ದಾಂನೇ ಸಹಿ ಹಾಕಿದ್ದ. ಒಂದೇ ಊರು, ಒಂದೇ ಘಟನೆ, ಸಾಕ್ಷಿಗಳೂ ಇದ್ದರು. 2005ರ ಅಕ್ಟೋಬರ್‌ನಲ್ಲಿ ವಿಚಾರಣೆ ಶುರುವಾಯಿತು, 2006ರ ನವೆಂಬರ್ 5ಕ್ಕೆ ತೀರ್ಪು, ಡಿಸೆಂಬರ್ 30ಕ್ಕೆ ಗಲ್ಲು.

ಉತ್ತರ 1: ಹೌದು. ಆದರೆ ಆಗ ಅನ್ಫಾಲ್ ಕೇಸು, ಅಂದರೆ ಕುರ್ದರ ಹತ್ಯಾಕಾಂಡದ ಕೇಸು, ಇನ್ನೂ ಅರ್ಧದಲ್ಲಿತ್ತು. ಅವರ ಪಾಲಿಗೆ ಅವನು ತೀರ್ಪು ಕೇಳದೆಯೇ ಹೋದ. ಅಷ್ಟು ಅವಸರ ಮಾಡಬಾರದಿತ್ತು, ಅಲ್ವಾ?