ಸಂಗೀತ ಪಾಠದ ಕೊಠಡಿಯಲ್ಲಿ ಸ್ವರಗಳು ಕಲಸಿಹೋಗುತ್ತಿವೆ, ಏನು ಮಾಡಬಹುದು?

ಪ್ರಶ್ನೆ (ಕುವೆಂಪುನಗರ, ಮೈಸೂರು):
ತಾಯಿಯವರ ಸಂಗೀತ ಪಾಠಕ್ಕೆಂದು ಮನೆಯ ಮೇಲಂತಸ್ತಿನಲ್ಲಿ 30 ಅಡಿ ಉದ್ದ, 20 ಅಡಿ ಅಗಲ, 11 ಅಡಿ ಎತ್ತರದ ಕೊಠಡಿ ಕಟ್ಟಿಸಿದ್ದೇವೆ. ನೆಲಕ್ಕೆ ವಿಟ್ರಿಫೈಡ್ ಟೈಲ್ಸ್, ಮೇಲೆ ಆರ್‌ಸಿಸಿ. ಸರಳೆ ವರಸೆಯನ್ನು ಎರಡನೆಯ ಕಾಲದಲ್ಲಿ ಹಾಡಿಸಿದರೆ ಸ್ವರಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ; ಚಪ್ಪಾಳೆ ತಟ್ಟಿದರೆ ಗೋಡೆಗಳ ನಡುವೆ ‘ಟರ್ರ್’ ಎಂದು ಸದ್ದು ಓಡುತ್ತದೆ. ಯಾರೋ ಹೇಳಿದರೆಂದು ಒಂದು ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸಿದೆ. ಗೋಡೆ ಕೆಟ್ಟಿತೇ ಹೊರತು ಸದ್ದು ತಗ್ಗಲಿಲ್ಲ. ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ 1 (ಮಂಡ್ಯ):
ಮೊಟ್ಟೆಯ ಟ್ರೇ ತೆಳುವಾದ ರಟ್ಟು. ಸದ್ದನ್ನು ಹೀರುವಷ್ಟು ದಪ್ಪ ಅದಕ್ಕಿಲ್ಲ. ದಯವಿಟ್ಟು ಕಿತ್ತುಹಾಕಿ. 1895ರಲ್ಲಿ ಹಾರ್ವರ್ಡ್‌ನ ಉಪನ್ಯಾಸ ಕೊಠಡಿಯೊಂದರ ಪ್ರತಿಧ್ವನಿಯ ಕಾಟ ನಿವಾರಿಸಲು ಹೊರಟ ಭೌತವಿಜ್ಞಾನಿ ವ್ಯಾಲೇಸ್ ಸಬೀನ್, ಆಸನದ ಮೆತ್ತೆಗಳನ್ನು ತಂದು ಹಾಕಿ ಅಳೆಯುತ್ತ ಕಂಡುಕೊಂಡ ಸೂತ್ರ ಇಂದಿಗೂ ಸಾಕು: ಕೊಠಡಿಯ ಘನ ಅಡಿಯನ್ನು 0.049ರಿಂದ ಗುಣಿಸಿ, ಒಟ್ಟು ಹೀರಿಕೆಯಿಂದ ಭಾಗಿಸಿದರೆ ಅನುರಣನ ಕಾಲ (ಸದ್ದು ನಿಂತ ಮೇಲೆ ಅದರ ಗುಂಗು ಅಡಗಲು ಹಿಡಿಯುವ ಸಮಯ) ಸೆಕೆಂಡುಗಳಲ್ಲಿ ಸಿಗುತ್ತದೆ. ಹೀರಿಕೆಗೆ ಒಂದು ಚದರ ಅಡಿ ತೆರೆದ ಕಿಟಕಿಯೇ ಅಳತೆಗೋಲು, ಏಕೆಂದರೆ ಅಲ್ಲಿಂದ ಹೋದ ಸದ್ದು ಮರಳುವುದಿಲ್ಲ. (ತೊಟ್ಟಿಮನೆಯ ಪಡಸಾಲೆಯಲ್ಲಿ ಮಾತು ಕಲಸದಿರುವುದಕ್ಕೆ ಆ ತೆರೆದ ತೊಟ್ಟಿಯೂ ಒಂದು ಕಾರಣ.)

ನಿಮ್ಮದು 6,600 ಘನ ಅಡಿ. ಗಾರೆ, ಟೈಲ್ಸ್, ಗಾಜು ಸೇರಿ ನೂರಕ್ಕೆ ಮೂರರಷ್ಟು ಮಾತ್ರ ಹೀರುತ್ತವೆಂದು ಹಿಡಿದರೆ, ಖಾಲಿ ಕೊಠಡಿಯಲ್ಲಿ ಸದ್ದು ನಾಲ್ಕು ಸೆಕೆಂಡಿಗೂ ಮೀರಿ ಉಳಿಯುತ್ತದೆ. ಮೂವತ್ತು ಮಕ್ಕಳು ಕುಳಿತರೂ ಒಂದೂವರೆ ಸೆಕೆಂಡಿನ ಮೇಲೆಯೇ. ಪಾಠಕ್ಕೆ ಸುಮಾರು 0.8 ಸಾಕು. ಅದಕ್ಕೆ ಛಾವಣಿಯ ಅರ್ಧದಷ್ಟು, ಅಂದರೆ 250ರಿಂದ 300 ಚದರ ಅಡಿ, ಬಟ್ಟೆ ಹೊದಿಸಿದ ಎರಡು ಅಂಗುಲದ ರಾಕ್‌ವುಲ್ (ಕಲ್ಲಿನ ನಾರಿನ) ಹಲಗೆಗಳು ಬೇಕಾಗುತ್ತವೆ. ಅಗ್ಗದ ಫೋಮ್ ಮಾತ್ರ ಬೇಡ. ಬೆಂಕಿ ಬೇಗ ಹಿಡಿಯುತ್ತದೆ.

ಉತ್ತರ 2 (ಸರಸ್ವತಿಪುರಂ, ಮೈಸೂರು):
ಲೆಕ್ಕ ಸರಿಯಾಗಿದೆ. ಆದರೆ ಹಲಗೆಯನ್ನು ಛಾವಣಿಗೆ ಅಂಟಿಸದೆ ನಾಲ್ಕು ಅಂಗುಲ ಕೆಳಗೆ ತೂಗುಹಾಕಿಸಿ. ಹಿಂದಿನ ಗಾಳಿಯ ತೆರಪಿನಿಂದ ತಗ್ಗಿನ ಸ್ಥಾಯಿಯೂ ಸ್ವಲ್ಪ ಹಿಡಿತಕ್ಕೆ ಬರುತ್ತದೆ. ಪರದೆ, ಜಮಖಾನಗಳನ್ನೇ ನಂಬಿದರೆ ಮೇಲಿನ ಸ್ಥಾಯಿ ಮಂಕಾಗಿ, ಮೃದಂಗದ ಎಡದ ಗುಮುಕಿಯಂಥ ತಗ್ಗಿನ ಸದ್ದು ಹಾಗೆಯೇ ಉಳಿಯುತ್ತದೆ. ‘ಟರ್ರ್’ ಎನ್ನುವುದು ಎದುರುಬದುರು ಬೋಳು ಗೋಡೆಗಳ ಕಾಟ. ಒಂದು ಗೋಡೆಗೆ ಪುಸ್ತಕದ ಕಪಾಟು ನಿಲ್ಲಿಸಿದರೂ ಬಹುಮಟ್ಟಿಗೆ ಹೋಗುತ್ತದೆ. ಇದರಿಂದ ನೆರೆಮನೆಗೆ ಸದ್ದು ಹೋಗುವುದು ನಿಲ್ಲುವುದಿಲ್ಲ, ಅದು ಬೇರೆಯೇ ಕೆಲಸ.

ಪ್ರಶ್ನೆ ಕೇಳಿದವರು:
ಭಾನುವಾರ ಎರಡು ಹತ್ತಿಯ ಹಾಸಿಗೆಗಳನ್ನು ಗೋಡೆಗೆ ಒರಗಿಸಿ, ಆ ಜಾಗದಲ್ಲೇ ನಿಂತು ಚಪ್ಪಾಳೆ ತಟ್ಟಿದೆ. ‘ಟರ್ರ್’ ನಿಂತಿತು, ತಗ್ಗಿನ ಸದ್ದು ನಿಲ್ಲಲಿಲ್ಲ. ಛಾವಣಿಯ ಅಳತೆಗೆ ಬಡಗಿಗೆ ಹೇಳಿ ಕಳುಹಿಸಿದ್ದೇನೆ.