ರುಬೆಲ್ಲಾ ರಿಪೋರ್ಟ್: ಕೊಪ್ಪಳದಲ್ಲಿ ನೆಗೆಟಿವ್, ಬಳ್ಳಾರಿಯಲ್ಲಿ ಪಾಸಿಟಿವ್. ಯಾವುದನ್ನು ನಂಬೋದು?

ಕೊಪ್ಪಳದ ಸೊಸೆ:
ಮಗುವಿಗೆ ಪ್ಲಾನ್ ಮಾಡಿದ್ದೇವೆ ಅಂದಾಗ ಡಾಕ್ಟರ್ ರುಬೆಲ್ಲಾ ಐಜಿಜಿ ಟೆಸ್ಟ್ ಬರೆದುಕೊಟ್ಟರು. ಬಸುರಿಯಲ್ಲಿ ಬಂದರೆ ಮಗುವಿಗೆ ತೊಂದರೆ ಕೊಡುವ ಆ ವೈರಸ್ಸಿನ ವಿರುದ್ಧ ರಕ್ತದಲ್ಲಿ ರಕ್ಷಣೆಯ ಪ್ರತಿಕಾಯ ಇದೆಯಾ ಅಂತ ನೋಡಲು. ಕೊಪ್ಪಳದ ಲ್ಯಾಬ್‌ನಲ್ಲಿ 8.2 ಬಂತು. ಪಕ್ಕದಲ್ಲೇ ದಪ್ಪ ಅಕ್ಷರದಲ್ಲಿ ನೆಗೆಟಿವ್. ಅದೇ ವಾರ ತವರಿಗೆ ಹೋಗಿದ್ದೆ, ಬಳ್ಳಾರಿಯಲ್ಲಿ ಮತ್ತೊಮ್ಮೆ ಮಾಡಿಸಿದೆ. 14.6, ಪಾಸಿಟಿವ್! 2017ರಲ್ಲಿ ಒಂಬತ್ತನೇ ಕ್ಲಾಸ್‌ನಲ್ಲಿದ್ದಾಗ ಶಾಲೆಯಲ್ಲೇ ದಡಾರ-ರುಬೆಲ್ಲಾ ಚುಚ್ಚುಮದ್ದು ಹಾಕಿದ್ದರು. ಬೆರಳಿಗೆ ಶಾಯಿ ಹಚ್ಚಿದ್ದು ನೆನಪಿದೆ, ಕಾರ್ಡ್ ಮಾತ್ರ ಎಲ್ಲಿ ಹೋಯಿತೋ. ಈಗ ಯಾವ ರಿಪೋರ್ಟ್ ಸರಿ?

ರಾಯಚೂರು ಬಿಸಿಲು:
ಎರಡೂ ತಪ್ಪಿರಬಹುದು ನೋಡಿ. ಎಷ್ಟೋ ಕಡೆ ರಕ್ತ ತೆಗೆಯುವುದಷ್ಟೇ ಇಲ್ಲಿ, ಟೆಸ್ಟ್ ಮಾಡುವುದು ಹೈದರಾಬಾದಿನಲ್ಲೋ ಬೆಂಗಳೂರಿನಲ್ಲೋ. ನಮ್ಮ ಬಿಸಿಲಲ್ಲಿ ಅಷ್ಟು ದೂರ ಹೋಗುವಷ್ಟರಲ್ಲಿ ರಕ್ತ ಏನಾಗಬೇಡ? ಸುಮ್ನೆ ದುಡ್ಡು ದಂಡ.

ಲ್ಯಾಬ್ ಮಂದಿ:
ಅಣ್ಣಾ, ಬಿಸಿಲಿನ ಮೇಲೆ ಎಲ್ಲಾ ತಪ್ಪು ಹೊರಿಸಬೇಡಿ. ಐಜಿಜಿ ಗಟ್ಟಿ ಪ್ರೋಟೀನ್. ಸೀರಂ, ಅಂದರೆ ರಕ್ತದ ತಿಳಿ, ಬೇರೆ ಮಾಡಿ 2ರಿಂದ 8 ಡಿಗ್ರಿಯಲ್ಲಿ ಇಟ್ಟರೆ ಕೆಲವು ದಿನ ಏನೂ ಆಗಲ್ಲ. ಟ್ಯೂಬಿನ ಮೇಲೆ ಹೆಸರು ಅದಲು ಬದಲಾಗುವುದು ಅದಕ್ಕಿಂತ ದೊಡ್ಡ ಭಯ.

ಇಲ್ಲಿ ಆಗಿರುವುದು ಬೇರೆ. ಎರಡು ಲ್ಯಾಬ್‌ನ ಕಿಟ್ ಬೇರೆ ಬೇರೆ ಕಂಪನಿಯದ್ದಿರುತ್ತವೆ. ಒಂದು ಕಿಟ್‌ನಲ್ಲಿ ಇಡೀ ವೈರಸ್ಸಿನ ಸಾರ ಇರುತ್ತದೆ, ಇನ್ನೊಂದರಲ್ಲಿ ವೈರಸ್ಸಿನ ಒಂದೇ ಪ್ರೋಟೀನ್. ನಿಮ್ಮ ರಕ್ತದ ಪ್ರತಿಕಾಯಗಳು ಒಂದಕ್ಕೆ ಜಾಸ್ತಿ ಅಂಟಿಕೊಳ್ಳಬಹುದು, ಇನ್ನೊಂದಕ್ಕೆ ಕಮ್ಮಿ. ವಿಶ್ವ ಆರೋಗ್ಯ ಸಂಸ್ಥೆ ಒಂದು ಮಾನಕ ಸೀರಂ ಕೊಟ್ಟಿದೆ, ಕಂಪನಿಗಳು ಅದಕ್ಕೇ ಹೊಂದಿಸಿಕೊಳ್ಳುತ್ತವೆ. ಆದರೂ ಒಂದೇ ರಕ್ತಕ್ಕೆ ಬೇರೆ ಬೇರೆ ಸಂಖ್ಯೆ ಬರುತ್ತದೆ. ನೆಗೆಟಿವ್, ಪಾಸಿಟಿವ್ ಬೇರೆ ಮಾಡುವ 10ರ ಗೆರೆಯೂ ದೇವರು ಬರೆದದ್ದಲ್ಲ. ಮೊದಲು 15 ಇತ್ತು, ಆಮೇಲೆ ಇಳಿಸಿದರು. ಕೆಲವು ಕಿಟ್‌ಗಳಲ್ಲಿ 5ರಿಂದ 9.9ರವರೆಗೆ ನೆಗೆಟಿವ್ ಅನ್ನುವುದೇ ಇಲ್ಲ, ಅನುಮಾನ ಅಂತ ಬರೆಯುತ್ತಾರೆ. ಅಂಥ ಕಿಟ್‌ನಲ್ಲಿ 8.2 ಬಂದಿದ್ದರೆ ಆ ದಪ್ಪ ಅಕ್ಷರ ಬೀಳುತ್ತಲೇ ಇರಲಿಲ್ಲ.

ರಾಯಚೂರು ಬಿಸಿಲು:
ಹಾಗಾದ್ರೆ ಪಾಯಿಂಟ್ ಎರಡು, ಪಾಯಿಂಟ್ ಆರು ಅಂತ ಪ್ರಿಂಟ್ ಮಾಡುವುದು ಯಾಕ್ರೀ? ಜನ ಅದನ್ನು ಬಂಗಾರದ ತೂಕ ಅಂದುಕೊಳ್ಳುತ್ತಾರೆ.

ಲ್ಯಾಬ್ ಮಂದಿ:
ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಸಂಖ್ಯೆ ಬಿಟ್ಟು ಫಲಿತಾಂಶ ಮಾತ್ರ ಕೊಡಿ ಎನ್ನುವ ತಜ್ಞರೂ ಇದ್ದಾರೆ. ಆದರೆ ಸಂಖ್ಯೆ ಇಲ್ಲದ ರಿಪೋರ್ಟ್ ಕೊಟ್ಟರೆ ಗಿರಾಕಿಯೇ ಜಗಳಕ್ಕೆ ಬರುತ್ತಾರೆ.

ಸಿರುಗುಪ್ಪ ಭತ್ತ:
ನಮ್ಮ ಮನೆಯ ಕಥೆ ಕೇಳಿ. ತಂಗಿ ಎರಡು ತಿಂಗಳ ಬಸುರಿ. ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆ ಕೊಡುವ ಸೋಂಕುಗಳನ್ನು ನೋಡುವ ಟಾರ್ಚ್ ಟೆಸ್ಟ್ ಮಾಡಿಸಿ ಅಂತ ಯಾರೋ ಅಂದರು. ರುಬೆಲ್ಲಾ ಐಜಿಎಂ, ಅಂದರೆ ಹೊಸ ಸೋಂಕಿನಲ್ಲಿ ಮೊದಲು ಬರುವ ಪ್ರತಿಕಾಯ, ಪಾಸಿಟಿವ್ ಬಂತು. ಜ್ವರ ಇಲ್ಲ, ಗುಳ್ಳೆ ಇಲ್ಲ. ಮನೆಯಲ್ಲಿ ಆಗಲೇ ತೆಗೆಸಿಬಿಡೋಣ ಅನ್ನುವ ಮಾತು ಶುರುವಾಗಿದೆ. ಅತ್ತೆ ಊಟ ಬಿಟ್ಟಿದ್ದಾರೆ.

ಹೆರಿಗೆ ವಾರ್ಡ್ ಡಾಕ್ಟರ್:
ದಯವಿಟ್ಟು ಆ ಒಂದು ಕಾಗದ ನೋಡಿ ಏನೂ ಮಾಡಬೇಡಿ. ಮೊದಲ 12 ವಾರದಲ್ಲಿ ನಿಜವಾಗಿ ರುಬೆಲ್ಲಾ ಬಂದರೆ ಮಗುವಿಗೆ ತೊಂದರೆಯಾಗುವ ಸಾಧ್ಯತೆ ನೂರಕ್ಕೆ 90ರವರೆಗೆ ಇದೆ. ಕಣ್ಣಿನ ಪೊರೆ, ಕಿವುಡು, ಹೃದಯದ ದೋಷ. ಭಯಕ್ಕೆ ಕಾರಣ ಇದೆ, ಇಲ್ಲ ಅನ್ನಲ್ಲ. ಆದರೆ ಐಜಿಎಂ ಸುಳ್ಳು ಹೇಳುವುದು ಬಹಳ. ಪಾರ್ವೊ ಬಿ19 ಅಥವಾ ಬೇರೆ ವೈರಸ್ ಬಂದಿದ್ದರೂ, ರಕ್ತದಲ್ಲಿ ರುಮಟಾಯ್ಡ್ ಫ್ಯಾಕ್ಟರ್ ಅನ್ನುವ ಬೇರೊಂದು ಪ್ರತಿಕಾಯ ಇದ್ದರೂ ಪಾಸಿಟಿವ್ ತೋರಿಸಬಹುದು. ಕೆಲವರಲ್ಲಿ ಹಳೆಯ ಸೋಂಕಿನದ್ದೋ ಚುಚ್ಚುಮದ್ದಿನದ್ದೋ ತಿಂಗಳುಗಟ್ಟಲೆ ಉಳಿದಿರುತ್ತದೆ. ರೋಗಲಕ್ಷಣ ಇಲ್ಲದವರಿಗೆಲ್ಲ ಈ ಟೆಸ್ಟ್ ಮಾಡಿಸುವುದೇ ತಪ್ಪು, ಇದು ನನ್ನ ಖಡಕ್ ಅಭಿಪ್ರಾಯ.

ಮುಂದೇನು ಅಂದರೆ: ಐಜಿಜಿ ಮತ್ತು ಅವಿಡಿಟಿ ಟೆಸ್ಟ್ ಮಾಡಿಸಿ. ಪ್ರತಿಕಾಯ ವೈರಸ್ಸಿಗೆ ಎಷ್ಟು ಬಿಗಿಯಾಗಿ ಅಂಟುತ್ತದೆ ಅಂತ ಇದರಲ್ಲಿ ನೋಡುತ್ತಾರೆ. ಬಿಗಿ ಇದ್ದರೆ ಸೋಂಕು ಹಳೆಯದು. ಸಡಿಲ ಇದ್ದರೆ ಹತ್ತಿರದ ಮೂರು ತಿಂಗಳದ್ದಿರಬಹುದು. ಎರಡು ಮೂರು ವಾರ ಬಿಟ್ಟು ಇನ್ನೊಮ್ಮೆ ರಕ್ತ ಕೊಡಬೇಕಾದರೆ ಅದೇ ಲ್ಯಾಬ್‌ಗೆ ಕೊಡಿ. ಹಳೆಯ ಸೀರಂ ಇದ್ದರೆ ಎರಡನ್ನೂ ಒಟ್ಟಿಗೆ ಟೆಸ್ಟ್ ಮಾಡಲು ಹೇಳಿ. ಬಳ್ಳಾರಿಯಲ್ಲಿ ಮೆಡಿಕಲ್ ಕಾಲೇಜು ಇದೆ, ಅಲ್ಲಿಯ ಹೆರಿಗೆ ವಿಭಾಗದಲ್ಲಿ ತೋರಿಸಿ.

ಸಿರುಗುಪ್ಪ ಭತ್ತ:
ಸರಿ ಮೇಡಂ. ಸೋಮವಾರವೇ ಕರೆದುಕೊಂಡು ಹೋಗುತ್ತೇನೆ.

ಮಾನ್ವಿ ಆಶಾ:
ಕೊಪ್ಪಳದ ತಂಗಿ, ನಿನ್ನ ಪ್ರಶ್ನೆ ಎಲ್ಲೋ ಹೋಯಿತು ನೋಡು. 2017ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದಲ್ಲೇ ಆ ಅಭಿಯಾನ ಮೊದಲ ಹಂತದಲ್ಲಿ ನಡೆದದ್ದು. 9 ತಿಂಗಳಿಂದ 15 ವರ್ಷದೊಳಗಿನ ಮಕ್ಕಳಿಗೆಲ್ಲ ಹಾಕಿದ್ದೆವು. ನೀನೂ ಅದರಲ್ಲಿ ಬಂದಿರುತ್ತೀ. ಮತ್ತೆ ಯಾಕೆ ಟೆಸ್ಟ್?

ರಾಯಚೂರು ಬಿಸಿಲು:
ಅಕ್ಕಾ, ಚುಚ್ಚುಮದ್ದು ಹಾಕಿದ ಮೇಲೂ ನೆಗೆಟಿವ್ ಬಂದರೆ ಅದು ಕೆಲಸ ಮಾಡಿಲ್ಲ ಅಂತಲೇ ಅಲ್ವಾ?

ಹೆರಿಗೆ ವಾರ್ಡ್ ಡಾಕ್ಟರ್:
ಅಲ್ಲ. ಒಂದೇ ಡೋಸ್ ನೂರರಲ್ಲಿ ಸುಮಾರು 95 ಜನರಿಗೆ ಹಿಡಿಯುತ್ತದೆ. ಆದರೆ ಚುಚ್ಚುಮದ್ದಿನಿಂದ ಬಂದ ಪ್ರತಿಕಾಯ ರೋಗ ಬಂದು ಹೋದವರಷ್ಟು ಏರಲ್ಲ, ವರ್ಷ ಕಳೆದ ಹಾಗೆ ಇಳಿಯುತ್ತದೆ. ಸಂಖ್ಯೆ 10ರ ಕೆಳಗೆ ಹೋದವರಲ್ಲೂ ರಕ್ಷಣೆ ಉಳಿದಿರಬಹುದು. ಅಮೆರಿಕದ ಲಸಿಕಾ ಸಮಿತಿ 2013ರಲ್ಲೇ ಹೇಳಿದೆ: ಲಸಿಕೆಯ ದಾಖಲೆ ಇದ್ದರೆ ರಕ್ತದ ರಿಪೋರ್ಟ್‌ಗಿಂತ ಆ ದಾಖಲೆಯೇ ಮೇಲು. ಐಜಿಜಿ ಸ್ಪಷ್ಟವಾಗಿ ಪಾಸಿಟಿವ್ ಇಲ್ಲದ ಹೆಣ್ಣುಮಕ್ಕಳಿಗೆ ಇನ್ನೊಂದು ಡೋಸ್ ಕೊಟ್ಟರೆ ಸಾಕು, ಮತ್ತೆ ಟೆಸ್ಟ್ ಬೇಡ.

ಇವರ ಕಾರ್ಡ್ ಕಳೆದಿದೆ. ಆದ್ದರಿಂದ ನಾನಾಗಿದ್ದರೆ ಮೂರನೇ ಲ್ಯಾಬ್‌ಗೆ ಹೋಗದೆ ಒಂದು ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಸೇರಿದ ಚುಚ್ಚುಮದ್ದು) ಹಾಕಿಸುತ್ತಿದ್ದೆ. ಮೊದಲೇ ರಕ್ಷಣೆ ಇದ್ದವರಿಗೂ ಅದರಿಂದ ತೊಂದರೆ ಇಲ್ಲ. ಹಾಕಿಸುವ ಮುಂಚೆ ಗರ್ಭ ನಿಂತಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ, ಆಮೇಲೆ ಒಂದು ತಿಂಗಳು ಕಾಯಿರಿ.

ಲ್ಯಾಬ್ ಮಂದಿ:
ಒಪ್ಪುತ್ತೇನೆ, ಆದರೆ ಟೆಸ್ಟೇ ದಂಡ ಅನ್ನಬೇಡಿ. ಬಸುರಿ ಇದ್ದಾಗ ಮನೆಯಲ್ಲಿ ಯಾರಿಗಾದರೂ ರುಬೆಲ್ಲಾ ಬಂದರೆ ಚುಚ್ಚುಮದ್ದು ಹಾಕುವಂತಿಲ್ಲ. ಆಗ ತಕ್ಷಣ ತೆಗೆದ ರಕ್ತದಲ್ಲಿ ಐಜಿಜಿ ಚೆನ್ನಾಗಿ ಪಾಸಿಟಿವ್ ಇದ್ದರೆ ಅದು ಮೊದಲಿನದ್ದೇ ಅಂತ ಗೊತ್ತಾಗುತ್ತದೆ. ಆ ಧೈರ್ಯ ಬೇರೆ ಯಾರು ಕೊಡುತ್ತಾರೆ?

ಕೊಪ್ಪಳದ ಸೊಸೆ:
ಎಂಎಂಆರ್ ಹಾಕಿಸಿಕೊಳ್ಳುತ್ತೇನೆ ಮೇಡಂ. ಇನ್ನೊಂದು ಮಾತು. ನಾದಿನಿ ಬಾಣಂತನಕ್ಕೆ ಇಲ್ಲಿಗೇ ಬಂದಿದ್ದಾಳೆ, ದಿನ ತುಂಬಿದೆ. ನನ್ನಿಂದ ಅವಳಿಗೆ ಏನಾದರೂ ಅಂಟುತ್ತಾ?

ಹೆರಿಗೆ ವಾರ್ಡ್ ಡಾಕ್ಟರ್:
ಇಲ್ಲ. ಮನೆಯಲ್ಲಿ ಬಸುರಿ ಇದ್ದಾಳೆ ಅಂತ ಉಳಿದವರು ಈ ಚುಚ್ಚುಮದ್ದು ಮುಂದೂಡಬೇಕಾಗಿಲ್ಲ. ಈ ಸಲ ಕಾರ್ಡ್‌ನ ಫೋಟೋ ತೆಗೆದು ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ.